ಅಡ್ಡಗಾಳಿಯಲ್ಲಿ ಇಳಿಯುವಾಗ ಕಲಿಯುವ ಹುಡುಗರ ವಿಮಾನ ರನ್‌ವೇ ಬಿಟ್ಟು ಹೋಗುವುದೇಕೆ?

ಶೋಭಾ_ಕೇಶ್ವಾಪುರ · ಮಂಗಳವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗ ಪೈಲಟ್ ತರಬೇತಿಯಲ್ಲಿದ್ದಾನೆ. ಊರು, ಶಾಲೆ ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ. ಮೊನ್ನೆ ಅವನ ಬ್ಯಾಚಿನ ಹುಡುಗನೊಬ್ಬ ಒಬ್ಬನೇ ಹಾರಿಸಿಕೊಂಡು ಬಂದು ಇಳಿಯುವಾಗ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿ ಮೂಗು ಊರಿದೆ. ಹುಡುಗನಿಗೆ ಒಂದು ಗೀರೂ ಆಗಿಲ್ಲ, ದೇವರು ದೊಡ್ಡವನು. ಪ್ರೊಪೆಲರ್ ಮಾತ್ರ ಬಾಗಿ ಹೋಗಿದೆ. ಕೇಳಿದರೆ "ಕ್ರಾಸ್‌ವಿಂಡ್" ಅಂದರಂತೆ. ಒಂದೇ ಮಾತು, ಮುಗೀತು.

ಮನೆಯಲ್ಲಿ ಈಗ ದಿನಾ ಇದೇ ಪಂಚಾಯ್ತಿ. ನಮ್ಮ ಅವ್ವ "ಅವನನ್ನ ವಾಪಸ್ ಕರೀರಿ, ಬ್ಯಾಂಕ್ ಪರೀಕ್ಷೆ ಬರೀಲಿ" ಅಂತ ಹಠ ಹಿಡಿದಿದ್ದಾಳೆ. ಭಾವ ಸಾಲದ ಕಂತಿನ ಲೆಕ್ಕ ಹಾಕುತ್ತಾ ಸುಮ್ನೆ ಕೂತಿದ್ದಾರೆ. ನನಗೆ ತಿಳಿಯದ್ದು ಇಷ್ಟು: ಗಾಳಿ ಇದ್ದರೆ ಹಾರಿಸದೇ ಇದ್ದರಾಯಿತು, ಅಲ್ವಾ? ಗಾಳಿ ಇದೆ ಅಂತ ಗೊತ್ತಿದ್ದೂ ಹುಡುಗನನ್ನ ಒಬ್ಬನೇ ಹೇಗೆ ಬಿಡುತ್ತಾರೆ? ತಿಳಿದವರು ಹೇಳಿ.

ಗೋಕುಲ_ರೋಡ್_ಗುಂಡ್ಯಾ · ಮಂಗಳವಾರ, ರಾತ್ರಿ 9:31

ಶೋಭಕ್ಕ, ಇಷ್ಟು ತಲೆ ಕೆಡಿಸಿಕೊಳ್ಳುವುದೇನಿದೆ? ನಾವು ಬೈಪಾಸಿನಲ್ಲಿ ಬೈಕ್ ಮೇಲೆ ಹೋಗುವಾಗ ಪಕ್ಕದಿಂದ ಲಾರಿ ದಾಟಿದರೆ ಗಾಳಿ ತಳ್ಳುತ್ತದೆ. ನಾವು ಸ್ವಲ್ಪ ಆ ಕಡೆ ವಾಲಿ ಸಂಭಾಳಿಸುತ್ತೇವೆ. ವಿಮಾನವೂ ಅಷ್ಟೇ. ಹುಡುಗ ಹೆದರಿದ್ದಾನೆ, ಮುಗೀತು. ಇನ್ನೊಂದು ಮಾತು, ಇಷ್ಟು ಲಕ್ಷ ಸುರಿದು ಕಲಿಸುವ ಶಾಲೆಗಳು ಒಂದು ಗಾಳಿ ನೋಡಿಕೊಳ್ಳಕ್ಕಾಗಲ್ವಾ?

ಪುಷ್ಪಕ್_ಮಾಸ್ತರ · ಮಂಗಳವಾರ, ರಾತ್ರಿ 10:05

ಗುಂಡ್ಯಾ, ಆ ಬೈಕಿನ ಉದಾಹರಣೆಯನ್ನ ನನ್ನ ಹತ್ತಿರ ಕಲಿತ ಹುಡುಗರಲ್ಲಿ ಅರ್ಧ ಜನ ಹೇಳುತ್ತಿದ್ದರು. ಅದೇ ಅವರನ್ನ ಕೆಡಿಸುತ್ತಿದ್ದದ್ದು. ಬೈಕಿನ ಟೈರು ರಸ್ತೆಯನ್ನ ಹಿಡಿದುಕೊಂಡಿರುತ್ತದೆ, ಅದಕ್ಕೇ ಗಾಳಿ ತಳ್ಳಿದ್ದು ನಿನಗೆ ಗೊತ್ತಾಗುತ್ತದೆ. ಆಕಾಶದಲ್ಲಿರುವ ವಿಮಾನ ಏನನ್ನೂ ಹಿಡಿದುಕೊಂಡಿಲ್ಲ. ಗಾಳಿಯ ರಾಶಿ ಎತ್ತ ಹೋಗುತ್ತದೋ ಅದರ ಜೊತೆಗೇ ತಾನೂ ಹೋಗುತ್ತದೆ. ಒಳಗೆ ಕೂತವನ ಮೈಗೆ ಯಾವ ತಳ್ಳಾಟವೂ ತಿಳಿಯುವುದಿಲ್ಲ. ಕಿಟಕಿಯಿಂದ ಕೆಳಗೆ ನೋಡಿದಾಗ ಮಾತ್ರ ರನ್‌ವೇ ಪಕ್ಕಕ್ಕೆ ಜಾರುತ್ತಿರುವುದು ಕಾಣುತ್ತದೆ.

ನಾನು ನಿವೃತ್ತ ಇನ್‌ಸ್ಟ್ರಕ್ಟರ್, ಈಗ ಧಾರವಾಡದಲ್ಲಿ ಮೊಮ್ಮಕ್ಕಳ ಜೊತೆ ಇದ್ದೇನೆ. ಕಲಿತದ್ದು ಜಕ್ಕೂರಿನಲ್ಲಿ, ಎಚ್‌ಎಎಲ್‌ನ ಪುಷ್ಪಕ್ ವಿಮಾನದ ಮೇಲೆ. ಬಟ್ಟೆ ಹೊದಿಸಿದ ಎರಡು ಸೀಟಿನ ವಿಮಾನ, 1958ರಲ್ಲಿ ಮೊದಲು ಹಾರಿದ್ದು. ಬಾಲದ ಕೆಳಗೆ ಪುಟ್ಟ ಚಕ್ರ. ಅಂಥ ವಿಮಾನದಲ್ಲಿ ಭಾರ ಮುಖ್ಯ ಚಕ್ರಗಳ ಹಿಂದೆ ಇರುತ್ತದೆ. ಸ್ವಲ್ಪ ಓರೆಯಾಗಿ ನೆಲ ಮುಟ್ಟಿದರೂ ಬಾಲ ಮುಂದೆ ಬರಲು ನೋಡುತ್ತದೆ, ಗಿರಕ್ಕನೆ ಸುತ್ತಿಬಿಡುತ್ತದೆ. ಈಗಿನ ಸೆಸ್ನಾಗಳಿಗೆ ಚಕ್ರ ಮೂಗಿನ ಕೆಳಗಿದೆ, ತುಂಬಾ ತಪ್ಪುಗಳನ್ನ ಮನ್ನಿಸುತ್ತವೆ. ಎಲ್ಲವನ್ನೂ ಅಲ್ಲ.

ಶೋಭಾ ಅವರೇ, ಗಾಳಿ ಇದ್ದರೆ ಹಾರಬಾರದು ಅಂದರೆ ಯಾರೂ ಎಂದೂ ಹಾರುವ ಹಾಗಿಲ್ಲ. ಗಾಳಿ ರನ್‌ವೇಗೆ ನೇರ ಎದುರಿಗೇ ಬೀಸುವ ದಿನ ಕಡಿಮೆ. ಸ್ವಲ್ಪ ಅಡ್ಡ ಇದ್ದೇ ಇರುತ್ತದೆ. ಎಷ್ಟು ಅಡ್ಡ ಅನ್ನುವುದೇ ಲೆಕ್ಕ. ಗಾಳಿಯ ದಿಕ್ಕಿಗೂ ರನ್‌ವೇಗೂ 30 ಡಿಗ್ರಿ ಅಂತರ ಇದ್ದರೆ ಗಾಳಿಯ ಅರ್ಧ ವೇಗ ಅಡ್ಡಕ್ಕೆ ಬರುತ್ತದೆ. 45 ಇದ್ದರೆ ಸುಮಾರು ಮುಕ್ಕಾಲು. 60 ದಾಟಿದರೆ ಇಡೀ ಗಾಳಿಯೇ ಅಡ್ಡ ಅಂತ ಹಿಡಿಯಿರಿ.

ಶೋಭಾ_ಕೇಶ್ವಾಪುರ · ಮಂಗಳವಾರ, ರಾತ್ರಿ 10:20

ಇಷ್ಟು ತಿಳಿಯಿತು ಸರ್. ಹಾಗಾದರೆ ಇಷ್ಟಕ್ಕಿಂತ ಜಾಸ್ತಿ ಗಾಳಿಯಲ್ಲಿ ಇಳಿಸಬಾರದು ಅಂತ ಒಂದು ಮಿತಿ ಇರಬೇಕಲ್ಲ?

ರಾಣೆಬೆನ್ನೂರ_ಹಕ್ಕಿ · ಮಂಗಳವಾರ, ರಾತ್ರಿ 10:48

ಅಕ್ಕಾ, ನಾನೂ ಸ್ಟೂಡೆಂಟ್ ಪೈಲಟ್. ಸಿಪಿಎಲ್‌ಗೆ, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಬೇಕಾದ 200 ತಾಸು ಇನ್ನೂ ಮುಗಿದಿಲ್ಲ. ಸೆಸ್ನಾ 172ರ ಪುಸ್ತಕದಲ್ಲಿ 15 ನಾಟ್ ಅಂತ ಇದೆ, ಗಂಟೆಗೆ ಸುಮಾರು 28 ಕಿಲೋಮೀಟರ್. 152ಕ್ಕೆ 12 ನಾಟ್. ಆದರೆ ಅದು ಮಿತಿ ಅಲ್ಲ. ವಿಮಾನಕ್ಕೆ ಪ್ರಮಾಣಪತ್ರ ಕೊಡುವ ಮುಂಚಿನ ಪರೀಕ್ಷೆಯಲ್ಲಿ ಟೆಸ್ಟ್ ಪೈಲಟ್ ಇಳಿಸಿ ತೋರಿಸಿದ ಗಾಳಿ ಅದು. ಅವರಷ್ಟು ಕೈ ಪಳಗಿದವರು ಇಳಿಸಿದ್ದನ್ನ ನಾವೂ ಇಳಿಸುತ್ತೇವೆ ಅಂದುಕೊಳ್ಳುವುದು ಹುಚ್ಚುತನ. ಅದಕ್ಕೇ ನಮಗೆ ಸೋಲೋ, ಅಂದರೆ ಒಬ್ಬರೇ ಹಾರುವಾಗ ಶಾಲೆಯವರು ಬೇರೆ ಮಿತಿ ಹಾಕುತ್ತಾರೆ, ಅದು ಪುಸ್ತಕದ್ದಕ್ಕಿಂತ ತುಂಬಾ ಕಡಿಮೆ. ಇನ್‌ಸ್ಟ್ರಕ್ಟರ್ ಸಹಿ ಇಲ್ಲದೆ ಬಿಡಲ್ಲ.

ನನಗೆ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ನಮ್ಮ ಸೋಲೋ ಎಲ್ಲಾ ಬೆಳಿಗ್ಗೆ. ಆರೂವರೆಗೆ ಗಾಳಿಚೀಲ ಕಂಬಕ್ಕೆ ಅಂಟಿಕೊಂಡು ಜೋತುಬಿದ್ದಿರುತ್ತದೆ. ಆಗ ಎಲ್ಲರೂ ಹೀರೋಗಳೇ. ಒಂಬತ್ತು ದಾಟಿ ಗಾಳಿ ಎದ್ದಿತೋ, "ಸಾಕು, ನಿಲ್ಲಿಸಿ" ಅನ್ನುತ್ತಾರೆ. ಹೀಗೆ ಗಾಳಿ ಇಲ್ಲದಾಗಲೇ ತಾಸುಗಳು ತುಂಬುತ್ತವೆ. ಆಮೇಲೆ ಒಂದು ದಿನ ಕ್ರಾಸ್-ಕಂಟ್ರಿ ಸೋಲೋ ಬರುತ್ತದೆ. 300 ನಾಟಿಕಲ್ ಮೈಲು ಹೋಗಬೇಕು, ದಾರಿಯಲ್ಲಿ ಎರಡು ಬೇರೆ ಊರಲ್ಲಿ ಇಳಿಯಬೇಕು. ಅಲ್ಲಿ ಇಳಿಯುವ ಹೊತ್ತಿಗೆ ಮಧ್ಯಾಹ್ನ ಆಗಿರುತ್ತದೆ. ಗಾಳಿ ನಮ್ಮ ಟೈಮ್‌ಟೇಬಲ್ ನೋಡಿ ಬೀಸಲ್ಲ.

ಗೋಕುಲ_ರೋಡ್_ಗುಂಡ್ಯಾ · ಮಂಗಳವಾರ, ರಾತ್ರಿ 10:55

ತಂಗಿ ಹೇಳಿದ್ದು ಸರಿ ಅನ್ನಿಸುತ್ತದೆ. ನನ್ನ ಬೈಕ್ ವಾಪಸ್ ತಗೊಂಡೆ.

ಕಪ್ಪತಗುಡ್ಡ_ಫ್ಯಾನ್ · ಬುಧವಾರ, ಬೆಳಿಗ್ಗೆ 7:15

ನಾನು ವಿಮಾನದವನಲ್ಲ, ಗಾಳಿಯವನು. ಗದಗ ಕಡೆ ವಿಂಡ್‌ಮಿಲ್ ಮೇಂಟೆನೆನ್ಸ್ ಕೆಲಸ. ಕಪ್ಪತಗುಡ್ಡದ ಸುತ್ತ ಜೂನ್ ಬಂತೆಂದರೆ ಸಾಲಾಗಿ ನಿಂತ ಫ್ಯಾನುಗಳೆಲ್ಲ ಪಡುವಣಕ್ಕೆ ಮುಖ ಮಾಡಿರುತ್ತವೆ. ಮುಂಗಾರು ಮುಗಿದು ಚಳಿಗಾಲ ಹಿಡಿದರೆ ಮೂಡಣಕ್ಕೆ ತಿರುಗುತ್ತವೆ. ತಲೆಯ ಮೇಲೆ ಒಂದು ಸಣ್ಣ ದಿಕ್ಸೂಚಿ ರೆಕ್ಕೆ ಇರುತ್ತದೆ, ಅದು ಹೇಳಿದ ಕಡೆ ಮೋಟಾರು ಇಡೀ ತಲೆಯನ್ನ ತಿರುಗಿಸುತ್ತದೆ.

ಹುಬ್ಬಳ್ಳಿ ರನ್‌ವೇ 08/26 ಅಲ್ವಾ? ಅಂದರೆ 80 ಮತ್ತು 260 ಡಿಗ್ರಿ, ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ನಮ್ಮ ಗಾಳಿಗೆ ತಕ್ಕ ಹಾಗೇ ಇದೆ. ಬೆಳಗಾವಿ ಸಾಂಬ್ರಾದ್ದೂ 08/26, ಜಕ್ಕೂರಿನದ್ದೂ ಅದೇ. ಕಲಬುರಗಿ, ಮೈಸೂರು 09/27. ಹಾಗಾಗಿ ನಮ್ಮ ಕಡೆ ಕಲಿಯುವವರಿಗೆ ಅಡ್ಡಗಾಳಿ ಸಿಗುವುದೇ ಕಮ್ಮಿ ಅಂತ ನನಗನ್ನಿಸುತ್ತದೆ. ಮಾಸ್ತರರು ತಪ್ಪಿದ್ದರೆ ತಿದ್ದಲಿ.

ಇನ್ನೊಂದು ನೋಡಿದ್ದು: ಟವರ್ ಮೇಲೆ ಹತ್ತಿದಾಗ ಇರುವ ಗಾಳಿಯೇ ಬೇರೆ, ಕೆಳಗೆ ಜೀಪಿನ ಪಕ್ಕ ನಿಂತಾಗ ಇರುವುದೇ ಬೇರೆ. ಮೇಲೆ ಹೆಲ್ಮೆಟ್ಟಿನ ಪಟ್ಟಿ ಪಟಪಟ ಹೊಡೆದುಕೊಳ್ಳುತ್ತಿರುತ್ತದೆ. ಕೆಳಗೆ ಇಳಿದರೆ ಬೀಡಿ ಹಚ್ಚಬಹುದು. ದಿಕ್ಕೂ ಸ್ವಲ್ಪ ತಿರುಗಿರುತ್ತದೆ.

ಪುಷ್ಪಕ್_ಮಾಸ್ತರ · ಬುಧವಾರ, ಬೆಳಿಗ್ಗೆ 8:40

ಗದಗಿನ ತಮ್ಮಾ, ತಿದ್ದುವುದೇನೂ ಇಲ್ಲ. ನೀನು ಹೇಳಿದ ಆ ಮೇಲೆ-ಕೆಳಗಿನ ವ್ಯತ್ಯಾಸದಲ್ಲೇ ಹುಡುಗರು ಸಿಕ್ಕಿಬೀಳುವುದು. ಶೋಭಾ ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದ ಆದರೆ ಬೈಯಬೇಡಿ.

172 ಇಳಿಯಲು ಬರುವಾಗ ವೇಗ 65 ನಾಟ್ ಇದೆ, ಎಡದಿಂದ 12 ನಾಟ್ ಅಡ್ಡಗಾಳಿ ಇದೆ ಅಂದುಕೊಳ್ಳಿ. ರನ್‌ವೇಯ ನೇರದಲ್ಲೇ ಬರಬೇಕಾದರೆ ಮೂಗನ್ನ ಗಾಳಿಯ ಕಡೆಗೆ ಹತ್ತು ಹನ್ನೊಂದು ಡಿಗ್ರಿ ತಿರುಗಿಸಿ ಇಟ್ಟುಕೊಳ್ಳಬೇಕು. ಇದಕ್ಕೆ ಕ್ರ್ಯಾಬ್ ಅನ್ನುತ್ತೇವೆ. ಮೇಲಿನಿಂದ ನೋಡಿದರೆ ವಿಮಾನ ಓರೆಯಾಗಿಯೇ ಬರುತ್ತಿರುತ್ತದೆ, ಆದರೆ ದಾರಿ ನೇರ. ಇಲ್ಲಿತನಕ ಯಾರಿಗೂ ತೊಂದರೆ ಇಲ್ಲ. ಆದರೆ ಹಾಗೇ ನೆಲ ಮುಟ್ಟಿದರೆ ಚಕ್ರಗಳು ಒಂದು ಕಡೆ, ಭಾರ ಒಂದು ಕಡೆ. ಆದ್ದರಿಂದ ಕೊನೆಯಲ್ಲಿ ಕಾಲಿನಿಂದ ರಡ್ಡರ್, ಅಂದರೆ ಬಾಲದ ಚುಕ್ಕಾಣಿ, ಒತ್ತಿ ಮೂಗು ನೇರ ಮಾಡಬೇಕು. ಮೂಗು ನೇರವಾದ ತಕ್ಷಣ ಗಾಳಿ ವಿಮಾನವನ್ನ ಬಲಕ್ಕೆ ಒಯ್ಯಲು ಶುರುಮಾಡುತ್ತದೆ. ಅದನ್ನ ತಡೆಯಲು ಎಡ ರೆಕ್ಕೆಯನ್ನ ಸ್ವಲ್ಪ ತಗ್ಗಿಸಬೇಕು. ಎಡಗೈ ಎಡಕ್ಕೆ, ಬಲಗಾಲು ಮುಂದಕ್ಕೆ. ಕೈ ಒಂದು ಹೇಳುತ್ತದೆ, ಕಾಲು ಇನ್ನೊಂದು ಹೇಳುತ್ತದೆ. ಎಡ ಚಕ್ರ ಮೊದಲು ನೆಲಕ್ಕೆ, ಆಮೇಲೆ ಬಲ ಚಕ್ರ, ಕೊನೆಗೆ ಮೂಗಿನದು. ಒಂದೇ ಚಕ್ರದ ಮೇಲೆ ಇಳಿಯುವುದನ್ನ ನೋಡಿ ಜನ ಗಾಬರಿಯಾಗುತ್ತಾರೆ, ಅದೇ ಸರಿಯಾದ ಇಳಿಯುವಿಕೆ.

ಈಗ ಹುಡುಗನ ಕಷ್ಟ. 300 ಅಡಿಯಲ್ಲಿ 15 ನಾಟ್‌ಗೆ ಲೆಕ್ಕ ಹಾಕಿ ಕೂತಿದ್ದಾನೆ. 20 ಅಡಿಗೆ ಬರುವಾಗ ಅದು 9 ಆಗಿದೆ. ಆಮೇಲೆ ಒಂದು ಹ್ಯಾಂಗರಿನ ಮರೆ ದಾಟಿದ ಕೂಡಲೇ ಮತ್ತೆ 14. ಅಂದರೆ ಕೈಕಾಲು ಒಂದು ಕಡೆ ಇಟ್ಟು ಕಾಯುವ ಆಟ ಅಲ್ಲ ಇದು, ಪ್ರತಿ ಕ್ಷಣ ಬದಲಾಗುತ್ತಿರಬೇಕು. ಗಾಳಿ ಇಲ್ಲದ ಬೆಳಗಿನಲ್ಲಿ ಕಲಿತವನ ಕಾಲುಗಳು ಮಲಗಿರುತ್ತವೆ. ರಡ್ಡರ್ ಪೆಡಲ್ ಮೇಲೆ ಪಾದ ಇಟ್ಟಿರುತ್ತಾನೆ, ಬಳಸುವುದಿಲ್ಲ. ನಾನು ತರಗತಿಯಲ್ಲಿ ಮೊದಲು ನೋಡುತ್ತಿದ್ದದ್ದೇ ಬೂಟು. ದಪ್ಪ ಅಟ್ಟೆಯ ಬೂಟು ಹಾಕಿ ಬಂದವನನ್ನ ವಾಪಸ್ ಕಳಿಸುತ್ತಿದ್ದೆ.

ಸ್ಪ್ಯಾನರ್_ಅಣ್ಣ · ಬುಧವಾರ, ಬೆಳಿಗ್ಗೆ 10:22

ಮಾಸ್ತರರು ಕಾಕ್‌ಪಿಟ್‌ನಿಂದ ಹೇಳಿದರು, ನಾನು ನೆಲದಿಂದ ಹೇಳುತ್ತೇನೆ. ಎಎಂಇ ಕೆಲಸ, ಅಂದರೆ ವಿಮಾನ ರಿಪೇರಿ. ಗಾಳಿಯಲ್ಲಿ ಇಳಿದು ಬಂದ ವಿಮಾನ ನನಗೆ ಬಾಯಿಬಿಟ್ಟು ಹೇಳುತ್ತದೆ. ಮೊದಲು ಟೈರು ನೋಡುತ್ತೇನೆ. ನೇರ ಇಳಿದಿದ್ದರೆ ಸವೆತ ಟೈರಿನ ನಡುವೆ ಇರುತ್ತದೆ. ಓರೆ ಇಳಿದಿದ್ದರೆ ಹೊರ ಅಂಚಿನಲ್ಲಿ ರಬ್ಬರು ಸಿಪ್ಪೆ ಎದ್ದ ಹಾಗೆ ಸುರುಳಿ ಸುರುಳಿ ಎದ್ದಿರುತ್ತದೆ. ಬ್ರೇಕು ಗಟ್ಟಿ ಒತ್ತಿ ಜಾರಿಸಿದ್ದರೆ ಒಂದು ಕಡೆ ಚಪ್ಪಟೆ. ಆಮೇಲೆ ಎಂಜಿನ್ ಮುಚ್ಚಳ ತೆಗೆದು ಫೈರ್‌ವಾಲ್ ಮೇಲೆ ಟಾರ್ಚ್ ಹಿಡಿಯುತ್ತೇನೆ. ಅದು ಎಂಜಿನ್‌ಗೂ ಕಾಕ್‌ಪಿಟ್‌ಗೂ ನಡುವಿನ ತಗಡು. 172ರಲ್ಲಿ ಮೂಗಿನ ಚಕ್ರ ಜೋರಾಗಿ ಬಡಿದಿದ್ದರೆ ಆ ತಗಡಿನ ಮೇಲೆ ಸಣ್ಣ ಸುಕ್ಕು ಬಿದ್ದಿರುತ್ತದೆ. ಬರಿಗಣ್ಣಿಗೆ ಕಾಣಲ್ಲ, ಟಾರ್ಚ್ ಅಡ್ಡ ಹಿಡಿದರೆ ನೆರಳು ಬೀಳುತ್ತದೆ.

ಇನ್ನು ಪ್ರೊಪೆಲರ್ ನೆಲಕ್ಕೆ ತಾಗಿದ್ದರೆ ಬರೀ ಪ್ರೊಪೆಲರ್ ಬದಲಿಸಿದರೆ ಸಾಲಲ್ಲ. ತಿರುಗುತ್ತಿದ್ದ ಎಂಜಿನ್ ಏಕಾಏಕಿ ತಡೆದ ಹಾಗಾಗುತ್ತದಲ್ಲ, ಒಳಗಿನ ಗೇರು, ಶಾಫ್ಟು ಬಿಚ್ಚಿ ನೋಡಲೇಬೇಕು. ಶೋಭಕ್ಕನ ಅಕ್ಕನ ಮಗನ ಶಾಲೆಯಲ್ಲಿ ಆ ವಿಮಾನ ತಿಂಗಳುಗಟ್ಟಲೆ ಎದ್ದೇಳಲ್ಲ, ನೋಡ್ತಾ ಇರಿ.

ನನ್ನ ದೂರು ಒಂದೇ. ಹುಡುಗರು ಗಟ್ಟಿಯಾಗಿ ಇಳಿಸಿದ್ದನ್ನ ಹೇಳಲ್ಲ. ಬೈಯುತ್ತಾರೆ ಅಂತ ಹೆದರಿಕೆ. ಕೀಲಿ ಕೊಟ್ಟು, ಲಾಗ್‌ಬುಕ್ ಬರೆದು, ಚಹಾ ಕುಡಿಯಲು ಹೋಗುತ್ತಾರೆ. ಅದೇ ವಿಮಾನ ಮತ್ತೊಬ್ಬ ಹುಡುಗ ಹತ್ತಿಸಿಕೊಂಡು ಹೋಗುತ್ತಾನೆ. ಹೇಳಿದವನಿಗೆ ಬೈಯುವ ಶಾಲೆಗಳೂ ಇವೆ, ಅವೇ ಈ ಚಾಳಿ ಕಲಿಸಿದ್ದು.

ಶೋಭಾ_ಕೇಶ್ವಾಪುರ · ಬುಧವಾರ, ಮಧ್ಯಾಹ್ನ 1:05

ಓದಿ ಓದಿ ಹೇಳುತ್ತಿದ್ದೇನೆ, ಅವ್ವ ಪಕ್ಕದಲ್ಲೇ ಕೂತು ಕೇಳುತ್ತಿದ್ದಾಳೆ. "ಆ ರಿಪೇರಿಯವ ಶಾಣ್ಯಾ ಇದ್ದಾನೆ" ಅಂದಳು. ಒಂದು ಕೇಳಲಾ, ಇಂಥದ್ದರಲ್ಲಿ ಜೀವ ಹೋಗುತ್ತದಾ? ನೇರ ಹೇಳಿ, ಪರವಾಗಿಲ್ಲ.

ಪುಷ್ಪಕ್_ಮಾಸ್ತರ · ಬುಧವಾರ, ಮಧ್ಯಾಹ್ನ 3:30

ನೇರವಾಗಿಯೇ ಹೇಳುತ್ತೇನೆ. ರನ್‌ವೇ ಬಿಟ್ಟು ಹುಲ್ಲಿಗೆ ಹೋಗುವುದರಲ್ಲಿ ಜೀವ ಹೋಗುವುದು ಅಪರೂಪ. ಆ ಹೊತ್ತಿಗೆ ವೇಗ ಇಳಿದಿರುತ್ತದೆ, ಬೆಲ್ಟ್ ಕಟ್ಟಿರುತ್ತಾರೆ. ತಗಡು, ಪ್ರೊಪೆಲರ್, ಮರ್ಯಾದೆ ಹೋಗುತ್ತವೆ. ನಮ್ಮ ದೇಶದಲ್ಲಿ ಅಪಘಾತ ತನಿಖೆಗೆ 2012ರಿಂದ ಎಎಐಬಿ ಅಂತ ಪ್ರತ್ಯೇಕ ಸಂಸ್ಥೆ ಇದೆ, ವರದಿಗಳು ಯಾರಿಗಾದರೂ ಓದಲು ಸಿಗುತ್ತವೆ. ಯಾರ ಮೇಲೆ ತಪ್ಪು ಹೊರಿಸುವುದು ಅನ್ನುವುದಕ್ಕಲ್ಲ ಆ ವರದಿ, ಮತ್ತೆ ಆಗದಂತೆ ತಡೆಯುವುದಕ್ಕೆ. ಅಮೆರಿಕದ ಇಂಥದ್ದೇ ಸಂಸ್ಥೆ ಎನ್‌ಟಿಎಸ್‌ಬಿಯ ವರದಿಗಳಲ್ಲಂತೂ ಸ್ಟೂಡೆಂಟ್ ಪೈಲಟ್, ಸೋಲೋ, ಇಳಿಯುವಾಗ ದಿಕ್ಕಿನ ಹಿಡಿತ ತಪ್ಪಿತು ಅನ್ನುವುದು ಓದಿ ಓದಿ ಬಾಯಿಪಾಠ ಆಗುವಷ್ಟಿದೆ.

ಜೀವ ಹೋಗುವುದು ಬೇರೆ ಎರಡು ಕಡೆ. ಒಂದು, ಇಳಿಯುವ ಮುಂಚಿನ ಕೊನೆಯ ತಿರುವು. ಅಡ್ಡಗಾಳಿ ಆ ಹೊತ್ತಿಗೆ ಬೆನ್ನ ಹಿಂದಿನಿಂದ ಬಂದರೆ ವಿಮಾನ ರನ್‌ವೇ ಗೆರೆಯನ್ನ ದಾಟಿ ಮುಂದೆ ಹೋಗಿಬಿಡುತ್ತದೆ. ಹುಡುಗ ವಾಪಸ್ ತರಲು ಜಾಸ್ತಿ ವಾಲಿಸುತ್ತಾನೆ, ಹೆದರಿ ರಡ್ಡರ್ ತುಳಿಯುತ್ತಾನೆ, ಮೂಗು ಎತ್ತುತ್ತಾನೆ. ರೆಕ್ಕೆಗೆ ಎತ್ತುವ ಶಕ್ತಿ ತಪ್ಪಿ ವಿಮಾನ ತಿರುಗಿ ಬೀಳುತ್ತದೆ. 500 ಅಡಿಯಲ್ಲಿ ಸರಿಪಡಿಸಿಕೊಳ್ಳಲು ಜಾಗ ಇರುವುದಿಲ್ಲ. ನಾನು ಹುಡುಗರಿಗೆ ಹೇಳುತ್ತಿದ್ದದ್ದು, ಗೆರೆ ದಾಟಿತಾ, ದಾಟಲಿ ಬಿಡು, ಮೇಲೆ ಹೋಗು, ಮತ್ತೆ ಸುತ್ತಿ ಬಾ.

ಎರಡನೆಯದು, ಇಳಿಯುವುದನ್ನ ಬಿಟ್ಟು ತಡವಾಗಿ ಮೇಲೇಳುವುದು. ಮೊದಲ ಸಲ ಬಡಿದು ಪುಟಿಯಿತು. ಹುಡುಗ ಮೂಗು ಒತ್ತಿದ, ಮೂಗಿನ ಚಕ್ರ ಬಡಿಯಿತು, ಇನ್ನೂ ಎತ್ತರ ಪುಟಿಯಿತು. ಮೂರನೆಯ ಸಲಕ್ಕೆ ಸಾಮಾನ್ಯವಾಗಿ ಮೂಗಿನ ಕಾಲು ಮುರಿಯುತ್ತದೆ. ಅಷ್ಟರಲ್ಲಿ ಜ್ಞಾನ ಬಂದು ಥ್ರಾಟಲ್ ಪೂರ್ತಿ ಒತ್ತಿದ ಅಂದುಕೊಳ್ಳಿ. ವೇಗ ಇಲ್ಲ, ಫ್ಲ್ಯಾಪ್, ಅಂದರೆ ರೆಕ್ಕೆಯ ಹಿಂದಂಚಿನ ಪಟ್ಟಿ, ಪೂರ್ತಿ ಇಳಿದಿದೆ. ಎಂಜಿನ್ ಪೂರ್ತಿ ಶಕ್ತಿಗೆ ಮೂಗು ಮೇಲಕ್ಕೆ ಹಾರುತ್ತದೆ, ಎಡಕ್ಕೂ ಎಳೆಯುತ್ತದೆ. ಬಲಗಾಲು ಒತ್ತದಿದ್ದರೆ, ಮೂಗನ್ನ ತಡೆದು ಹಿಡಿಯದಿದ್ದರೆ, ಅಲ್ಲೇ ಮಗುಚುತ್ತದೆ. ಮೊದಲ ಪುಟಿತಕ್ಕೇ ಮೇಲೆದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ನನ್ನ ಅನುಭವದಲ್ಲಿ ಹುಡುಗರನ್ನ ಕೆಡವಿದ್ದು ಗಾಳಿಯ ಜೋರಿಗಿಂತ "ಹೇಗಾದರೂ ಇದೇ ಸಲ ಇಳಿಸುತ್ತೇನೆ" ಅನ್ನುವುದು. 15 ನಾಟ್‌ನಲ್ಲಿ ಆಗುವುದಕ್ಕಿಂತ 7-8 ನಾಟ್‌ನಲ್ಲಿ ಆದದ್ದನ್ನೇ ಜಾಸ್ತಿ ನೋಡಿದ್ದೇನೆ. 15 ಇದ್ದರೆ ಎಚ್ಚರ ಇರುತ್ತದೆ. 7 ಇದ್ದರೆ ಸಸಾರ.

ಉಣಕಲ್_ಎಟಿಆರ್ · ಬುಧವಾರ, ರಾತ್ರಿ 8:10

ಏರ್‌ಲೈನ್‌ನಲ್ಲಿ ಹಾರಿಸುತ್ತೇನೆ, ಮನೆ ಉಣಕಲ್. ಇಳಿಯದೆ ಮೇಲೇಳುವುದನ್ನ ಸೋಲು ಅಂದುಕೊಳ್ಳುವವರಿಗೆ ಎರಡು ಉದಾಹರಣೆ.

2021ರ ಜೂನ್‌ನಲ್ಲಿ ಕಣ್ಣೂರಿನಿಂದ ನಮ್ಮ ಹುಬ್ಬಳ್ಳಿಗೆ ಬಂದ ಎಟಿಆರ್ ವಿಮಾನ ಅಡ್ಡಗಾಳಿಯ ದೆಸೆಯಿಂದ ಮೊದಲ ಸಲ ಇಳಿಯದೆ ಎದ್ದು ಹೋಯಿತು. ಸುತ್ತಿ ಬಂದು ಎರಡನೇ ಸಲಕ್ಕೆ ಇಳಿಯಿತು. ಟೈರು ಒಡೆದಿತ್ತು, ಜನಕ್ಕೆ ಏನೂ ಆಗಲಿಲ್ಲ. ಪೇಪರಿನವರು ಟೈರಿನ ಬಗ್ಗೆಯೇ ಬರೆದರು.

ಇನ್ನೊಂದು 2008ರ ಮಾರ್ಚ್ 1, ಜರ್ಮನಿಯ ಹ್ಯಾಂಬರ್ಗ್. ಬಿರುಗಾಳಿಯ ದಿನ. ಎ320 ವಿಮಾನ ಇಳಿಯುವಾಗ ಒಂದು ರೆಕ್ಕೆ ಎದ್ದು, ಇನ್ನೊಂದರ ತುದಿ ರನ್‌ವೇಗೆ ತಾಗಿತು. ಪೈಲಟ್‌ಗಳು ಅಲ್ಲಿಂದಲೇ ಮೇಲೆದ್ದರು. ಆಮೇಲೆ ಮಾಡಿದ್ದು ನೋಡಿ: ಅದೇ ರನ್‌ವೇಗೆ ಮತ್ತೆ ಹೋಗಲಿಲ್ಲ, ಗಾಳಿಗೆ ಹೆಚ್ಚು ಹೊಂದುವ ಇನ್ನೊಂದು ರನ್‌ವೇ ಆರಿಸಿಕೊಂಡು ಇಳಿದರು. ಅದರ ವಿಡಿಯೋ ಎಲ್ಲರೂ ನೋಡಿರುತ್ತೀರಿ, ಎರಡನೇ ಇಳಿಯುವಿಕೆಯನ್ನ ಯಾರೂ ನೋಡಿರಲ್ಲ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಗೋಕುಲ_ರೋಡ್_ಗುಂಡ್ಯಾ · ಬುಧವಾರ, ರಾತ್ರಿ 8:25

2015ರಲ್ಲಿ ಕ್ಯೂ400 ವಿಮಾನ ನಮ್ಮ ಹುಬ್ಬಳ್ಳಿಯಲ್ಲೇ ಮಳೆಯಲ್ಲಿ ರನ್‌ವೇಯಿಂದ ಪಕ್ಕಕ್ಕೆ ಸರಿದಿತ್ತಲ್ಲ, ಅದೂ ಇದೇನಾ?

ಉಣಕಲ್_ಎಟಿಆರ್ · ಬುಧವಾರ, ರಾತ್ರಿ 8:33

ಅದು ಮಾರ್ಚ್ 8. ಆಗ ರನ್‌ವೇ ಚಿಕ್ಕದು, ಈಗಿನ ಉದ್ದ ಅಗಲ ಇರಲಿಲ್ಲ. ಮಳೆಯಲ್ಲಿ ಮುಂದೆ ಕಾಣದೇ ಹೋದದ್ದು ಅಲ್ಲಿನ ದೊಡ್ಡ ತೊಂದರೆ. ಅದನ್ನ ಇಲ್ಲಿ ತರುವುದು ಬೇಡ, ವಿಷಯ ಬೇರೆ.

ಮಾಡರೇಟರ್ · ಬುಧವಾರ, ರಾತ್ರಿ 8:50

ಯಾವ ಶಾಲೆ ಅಂತ ಊಹಿಸಿ ಹಾಕಿದ್ದ ಎರಡು ಕಾಮೆಂಟ್ ತೆಗೆದಿದ್ದೇನೆ. ಹೆಸರು ಬೇಡ ಅಂತ ಮೊದಲ ಪೋಸ್ಟಿನಲ್ಲೇ ಇದೆ.

ಶೋಭಕ್ಕನ_ಅಕ್ಕನ_ಮಗ · ಗುರುವಾರ, ಸಂಜೆ 6:40

ಚಿಗವ್ವ ಲಿಂಕ್ ಕಳಿಸಿದ್ದಳು. ಎಲ್ಲಾ ಓದಿದೆ. ನನ್ನ ಗೆಳೆಯನನ್ನ ಕೇಳಿಯೇ ಬರೆಯುತ್ತಿದ್ದೇನೆ, ಅವನ ಒಪ್ಪಿಗೆ ಇದೆ.

ಅವತ್ತು ಏರ್‌ಪೋರ್ಟ್ ಕಂಟ್ರೋಲ್ ಟವರ್‌ನವರು ಹೇಳಿದ ಗಾಳಿ ನಮ್ಮ ಸೋಲೋ ಮಿತಿಯ ಒಳಗೇ ಇತ್ತು. ಅವನು ಇಳಿಸಿದ್ದೂ ಚೆನ್ನಾಗಿಯೇ. ಎಡ ಚಕ್ರ, ಬಲ ಚಕ್ರ, ಆಮೇಲೆ ಮೂಗು, ಎಲ್ಲಾ ನೆಲದ ಮೇಲೆ. "ಆಯ್ತು" ಅಂತ ಉಸಿರು ಬಿಟ್ಟನಂತೆ. ಎಡಕ್ಕೆ ತಿರುಗಿಸಿ ಹಿಡಿದಿದ್ದ ಕಂಟ್ರೋಲ್ ವೀಲನ್ನ ನಡುವೆ ತಂದುಬಿಟ್ಟ. ಸರಿಯಾಗಿ ಆಗಲೇ ಒಂದು ಬೀಸು ಬಂತು. ಎಡ ರೆಕ್ಕೆ ಎದ್ದಿತು. ಬಾಲವನ್ನ ಗಾಳಿ ಬಲಕ್ಕೆ ತಳ್ಳಿತು, ಮೂಗು ಎಡಕ್ಕೆ, ಗಾಳಿಯ ಕಡೆಗೆ ತಿರುಗಿತು. ಅವನು ಬ್ರೇಕ್ ಒತ್ತಿದ. ಒಂದು ಕಡೆ ಚಕ್ರಕ್ಕೆ ನೆಲವೇ ಸರಿಯಾಗಿ ಇರಲಿಲ್ಲ, ಬ್ರೇಕ್ ಒಂದೇ ಕಡೆ ಹಿಡಿಯಿತು. ಮುಂದಿನದು ಹುಲ್ಲು. ಹುಲ್ಲಿನ ಮೇಲೆ ಹೋಗಿದ್ದರೂ ಏನೂ ಆಗುತ್ತಿರಲಿಲ್ಲ, ಮಳೆಗೆ ಮಣ್ಣು ಮೆತ್ತಗಾಗಿ ಮೂಗಿನ ಚಕ್ರ ಹೂತುಹೋಯಿತು.

ಕ್ಯಾಪ್ಟನ್ ಬಂದು ಅವನಿಗೆ ಬೈಯಲಿಲ್ಲ. "ಚಕ್ರ ನೆಲಕ್ಕೆ ಬಿದ್ದರೆ ಹಾರಾಟ ಮುಗಿಯಿತು ಅಂತ ನಿನಗೆ ಯಾರು ಹೇಳಿಕೊಟ್ಟದ್ದು?" ಅಂತ ಕೇಳಿದರಂತೆ. ಅವನು ಮೂರು ದಿನ ಊಟ ಸರಿಯಾಗಿ ಮಾಡಿರಲಿಲ್ಲ, ಈಗ ಪರವಾಗಿಲ್ಲ.

ಪುಷ್ಪಕ್_ಮಾಸ್ತರ · ಗುರುವಾರ, ಸಂಜೆ 7:15

ನಿನ್ನ ಗೆಳೆಯನಿಗೆ ನನ್ನ ಶಾಬಾಸ್‌ಗಿರಿ ಹೇಳಪ್ಪ. ಇಷ್ಟು ಬಿಡಿಸಿ ಹೇಳುವವನು ಮುಂದೆ ಒಳ್ಳೆಯ ಪೈಲಟ್ ಆಗುತ್ತಾನೆ.

ಅವನು ಹೇಳಿದ್ದರಲ್ಲಿ ಎರಡು ವಿಷಯ ಹಿಡಿದುಕೊ. ವೇಗ ಇಳಿದಂತೆ ರೆಕ್ಕೆಯ ಮೇಲಿನ ಹಿಡಿತ ಸಡಿಲವಾಗುತ್ತದೆ, ಆದ್ದರಿಂದ ಕಂಟ್ರೋಲ್ ವೀಲನ್ನ ಗಾಳಿಯ ಕಡೆಗೆ ಇನ್ನೂ ಜಾಸ್ತಿ ತಿರುಗಿಸುತ್ತಾ ಹೋಗಬೇಕು. ನಿಲ್ಲುವ ಹೊತ್ತಿಗೆ ಪೂರ್ತಿ ಕೊನೆ ಮುಟ್ಟಿರಬೇಕು. ಎಲ್ಲರೂ ತಿರುವುಮುರುವು ಮಾಡುತ್ತಾರೆ, ನೆಲ ಮುಟ್ಟಿದ ಕೂಡಲೇ ಬಿಡುತ್ತಾರೆ. ಮತ್ತೆ, ಮೂಗಿನ ಚಕ್ರ ಪೆಡಲಿಗೆ ಜೋಡಿಸಿರುವ ವಿಮಾನದಲ್ಲಿ ಬಲಗಾಲು ಒತ್ತಿಟ್ಟುಕೊಂಡೇ ಆ ಚಕ್ರ ಇಳಿಸಿದರೆ ಅದು ಬಲಕ್ಕೆ ಎಗರುತ್ತದೆ. ಮೂಗು ಇಳಿಯುವ ಕ್ಷಣಕ್ಕೆ ಕಾಲು ಹದ ಮಾಡಿಕೊಳ್ಳಬೇಕು.

ಗದಗಿನ ತಮ್ಮ ಇದ್ದರೆ ಬೀಸಿನ ಬಗ್ಗೆ ಹೇಳಲಿ. ಏಪ್ರಿಲ್-ಮೇ ಸಂಜೆಯದ್ದು.

ಕಪ್ಪತಗುಡ್ಡ_ಫ್ಯಾನ್ · ಗುರುವಾರ, ರಾತ್ರಿ 9:02

ಇದ್ದೇನೆ ಸರ್. ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಒಂದು ಕಡೆ ಮೋಡ ಕಪ್ಪಾಗಿ ಕಟ್ಟುತ್ತದೆ. ಇಲ್ಲಿ ಎಲೆ ಅಲುಗಾಡಲ್ಲ. ಮಳೆ ಇನ್ನೂ ಹತ್ತಾರು ಕಿಲೋಮೀಟರ್ ದೂರ. ಅಷ್ಟರಲ್ಲಿ ತಣ್ಣನೆ ಗಾಳಿ ಧೂಳೆಬ್ಬಿಸಿಕೊಂಡು ನುಗ್ಗುತ್ತದೆ. ಫ್ಯಾನಿನ ತಲೆ ತಿರುಗಲು ಟೈಮ್ ಬೇಕು, ಅದು ತಿರುಗುವಷ್ಟರಲ್ಲಿ ಗಾಳಿ ಇನ್ನೆತ್ತಲೋ ಹೋಗಿರುತ್ತದೆ. ಪಡುವಣದಿಂದ ಬೀಸುತ್ತಿದ್ದದ್ದು ಒಂದೆರಡು ನಿಮಿಷದಲ್ಲಿ ಬಡಗಣಕ್ಕೆ. ಆ ಹೊತ್ತಿಗೆ ಪೂರ್ವ-ಪಶ್ಚಿಮದ ರನ್‌ವೇ ಇದ್ದರೆ ಏನು ಬಂತು, ಪೂರ್ತಿ ಅಡ್ಡ. ಹುಬ್ಬಳ್ಳಿಯವರಿಗೆ ಗೊತ್ತಿರುವುದೇ, ಮನೆ ಬಾಗಿಲು ಧಡಾರ್ ಅಂದಮೇಲೆ ಹಿತ್ತಲಿನ ಬಟ್ಟೆ ನೆನಪಾಗುವುದು.

ರಾಣೆಬೆನ್ನೂರ_ಹಕ್ಕಿ · ಗುರುವಾರ, ರಾತ್ರಿ 9:20

ಮಾಸ್ತರ್, ಒಂದು ಲೆಕ್ಕ ಕೊಡಿ. ಪರೀಕ್ಷೆಗೆ ಓದಿ ಓದಿ ಸಾಕಾಗಿದೆ, ನಿಜವಾದ್ದು ಕೊಡಿ.

ಪುಷ್ಪಕ್_ಮಾಸ್ತರ · ಗುರುವಾರ, ರಾತ್ರಿ 9:35

ತಗೊ ತಂಗಿ. ರನ್‌ವೇ 26. ಗಾಳಿ 210 ಡಿಗ್ರಿಯಿಂದ 18 ನಾಟ್, ಬೀಸು 28. ನಿನ್ನದು 172, ಜೊತೆಗೆ ಇನ್‌ಸ್ಟ್ರಕ್ಟರ್ ಇದ್ದಾರೆ. ಏನು ಮಾಡುತ್ತೀ?

ಶೋಭಕ್ಕನ_ಅಕ್ಕನ_ಮಗ · ಗುರುವಾರ, ರಾತ್ರಿ 9:41

ನಾನು ಹೇಳಲಾ? 50 ಡಿಗ್ರಿ ಅಂತರ. 18ರಲ್ಲಿ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ, ಸುಮಾರು 14 ನಾಟ್ ಅಡ್ಡ. ಪುಸ್ತಕದ 15ರ ಒಳಗಿದೆ. ಇನ್‌ಸ್ಟ್ರಕ್ಟರ್ ಇದ್ದಾರೆ, ಇಳಿಸಬಹುದು.

ರಾಣೆಬೆನ್ನೂರ_ಹಕ್ಕಿ · ಗುರುವಾರ, ರಾತ್ರಿ 9:44

ಇಲ್ಲ ಇಲ್ಲ, ಬೀಸಿಗೆ ಲೆಕ್ಕ ಹಾಕಬೇಕು. 28ಕ್ಕೆ 21 ಮೀರುತ್ತದೆ. ಇಳಿಸಲ್ಲ. ಇಳಿಸಲೇಬೇಕಾಗಿ ಬಂದರೆ ಫ್ಲ್ಯಾಪ್ ಕಡಿಮೆ, ವೇಗಕ್ಕೆ ಬೀಸಿನ ಅಂತರದ ಅರ್ಧ ಸೇರಿಸಬೇಕು. 10ರ ಅರ್ಧ 5.

ಪುಷ್ಪಕ್_ಮಾಸ್ತರ · ಗುರುವಾರ, ರಾತ್ರಿ 9:50

ತಂಗಿ ಪಾಸ್. ಶೋಭಾ ಅವರ ಅಕ್ಕನ ಮಗನಿಗೆ ಮರುಪರೀಕ್ಷೆ.

ಶೋಭಾ_ಕೇಶ್ವಾಪುರ · ಗುರುವಾರ, ರಾತ್ರಿ 10:10

ನಗು ಬಂತು. ಆದರೆ ಅವ್ವ ಒಂದು ಪ್ರಶ್ನೆ ಹಾಕಿದ್ದಾಳೆ, ಅದಕ್ಕೆ ಉತ್ತರ ಸಿಗುವ ತನಕ ಮಲಗಲ್ಲ ಅಂತಿದ್ದಾಳೆ. "ಇಳಿಸಲ್ಲ, ಇಳಿಸಲ್ಲ ಅಂತೀರಿ. ಇಳಿಸಲಿಲ್ಲ ಅಂದ್ರೆ ಹುಡುಗ ಹೋಗೋದೆಲ್ಲಿಗೆ?"

ಪುಷ್ಪಕ್_ಮಾಸ್ತರ · ಗುರುವಾರ, ರಾತ್ರಿ 10:28

ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ. ಇಲ್ಲಿತನಕ ಬಂದ ಪ್ರಶ್ನೆಗಳಲ್ಲಿ ಇದೇ ಗಟ್ಟಿ.

ಹುಬ್ಬಳ್ಳಿಯಲ್ಲಿ ಆಗಲಿಲ್ಲ ಅಂದರೆ ಬೆಳಗಾವಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮೇಲೆ ಗದಗಿನ ತಮ್ಮ ಬರೆದದ್ದು ನೋಡಿ, ಎರಡೂ 08/26. ಗೋವಾದ ದಾಬೋಲಿಂ ಕೂಡ 08/26. ಇಡೀ ಸೀಮೆಗೆ ಒಂದೇ ಗಾಳಿ ಬೀಸುತ್ತಿದ್ದರೆ ಅಲ್ಲಿಗೆ ಹೋದರೂ ಅದೇ ಅಡ್ಡಗಾಳಿ. ಹ್ಯಾಂಬರ್ಗಿನವರ ಹಾಗೆ ಇನ್ನೊಂದು ದಿಕ್ಕಿನ ರನ್‌ವೇ ನಮ್ಮ ಹತ್ತಿರ ಇಲ್ಲ. ಅಂಥ ದಿನ ಹೊರಡುವ ಮುಂಚೆಯೇ ನಿಲ್ಲಬೇಕು. ಗುಡುಗು ಮೋಡದ ಬೀಸಾಗಿದ್ದರೆ ಬೇರೆ ಮಾತು, ಅದು ಸಾಮಾನ್ಯವಾಗಿ ಅರ್ಧ-ಮುಕ್ಕಾಲು ತಾಸಿಗೆ ದಾಟಿ ಹೋಗುತ್ತದೆ. ಮೋಡದಿಂದ ದೂರ ಸರಿದು ಕಾಯಬೇಕು. ಕಾಯಲು ಟ್ಯಾಂಕಿನಲ್ಲಿ ಪೆಟ್ರೋಲ್ ಇರಬೇಕು. ನಾನು ನಿಯಮ ಹೇಳುವಷ್ಟಕ್ಕಿಂತ ಒಂದು ತಾಸಿನದ್ದು ಹೆಚ್ಚು ಹಾಕಿಸದೆ ಯಾವ ಹುಡುಗನನ್ನೂ ಕ್ರಾಸ್-ಕಂಟ್ರಿಗೆ ಬಿಡುತ್ತಿರಲಿಲ್ಲ. ಪೆಟ್ರೋಲ್ ಕಮ್ಮಿ ಇದ್ದವನೇ ಕೆಟ್ಟ ಗಾಳಿಯಲ್ಲಿ ಇಳಿಯಲು ಹೋಗುವುದು.

ಶೋಭಕ್ಕನ_ಅಕ್ಕನ_ಮಗ · ಗುರುವಾರ, ರಾತ್ರಿ 10:36

ಅಜ್ಜಿಗೆ ಹೇಳು ಚಿಗವ್ವ, ಮುಂದಿನ ವಾರ ನನ್ನ ಕ್ರಾಸ್-ಕಂಟ್ರಿ ಇದೆ. ಟ್ಯಾಂಕ್ ಫುಲ್ ಮಾಡಿಸಿ ಫೋಟೋ ಕಳಿಸ್ತೀನಿ.

ಶೋಭಾ_ಕೇಶ್ವಾಪುರ · ಗುರುವಾರ, ರಾತ್ರಿ 10:52

ಹೇಳಿದೆ. "ಎರಡೂ ಟ್ಯಾಂಕಿಂದು ಕಳಸು ಅನ್ನು" ಅಂದಳು. ವಿಮಾನಕ್ಕೆ ಎರಡು ಟ್ಯಾಂಕ್ ಇರುತ್ತದೆ ಅಂತ ಅವಳಿಗೆ ಯಾರು ಹೇಳಿದರೋ.